ಕೋವಿಡ್ ನಂತರದ ಫಂಗಸ್: ಮೂಗಿನ ಬಯಾಪ್ಸಿ ನೋಡುವುದು ಹೇಗೆ

ಮ್ಯೂಕರ್‌ಮೈಕೋಸಿಸ್, ಅಂದರೆ ಜನ ಬ್ಲ್ಯಾಕ್ ಫಂಗಸ್ ಅನ್ನುವ ರೋಗದ ಅನುಮಾನ ಬಂದಾಗ ಮೂಗಿನಿಂದ ತೆಗೆದ ತುಂಡನ್ನು ಕಳಿಸಲು ಎರಡು ಡಬ್ಬಿ ಬೇಕು. ಒಂದರಲ್ಲಿ ಫಾರ್ಮಲಿನ್ (ತುಂಡು ಕೊಳೆಯದಂತೆ ಕಾಯುವ ದ್ರಾವಣ), ಇನ್ನೊಂದರಲ್ಲಿ ಸ್ಟೆರೈಲ್ ಸಲೈನ್. ಮೊದಲನೆಯದು ಪ್ಯಾಥಾಲಜಿಗೆ, ಎರಡನೆಯದು ಮೈಕ್ರೋಬಯಾಲಜಿಗೆ. ಮುಂದೆ ಹೇಳುವುದೆಲ್ಲ ಮರೆತುಹೋದರೂ ಇದೊಂದು ನೆನಪಿಟ್ಟುಕೊಳ್ಳಿ. ಫಾರ್ಮಲಿನ್‌ಗೆ ಬಿದ್ದ ಫಂಗಸ್ ಸತ್ತುಹೋಗುತ್ತದೆ. ಆಮೇಲೆ ಅದನ್ನು ಬೆಳೆಸಿ ಯಾವ ಜಾತಿ ಅಂತ ಹೇಳುವುದು ಯಾರಿಂದಲೂ ಆಗುವುದಿಲ್ಲ. ಹಾಗಂತ ಇಡೀ ತುಂಡನ್ನು ಸಲೈನ್‌ನಲ್ಲೇ ರಾತ್ರಿಯೆಲ್ಲ ಬಿಟ್ಟರೆ ಅದು ಕೊಳೆಯುತ್ತದೆ. ರಕ್ತನಾಳ ಎಲ್ಲಿ, ನರ ಎಲ್ಲಿ ಅಂತ ಬೆಳಿಗ್ಗೆ ನಾವು ಹುಡುಕಾಡಬೇಕಾಗುತ್ತದೆ.

ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ಯಾಥಾಲಜಿ ಕಲಿಸುವವಳು. 2021ರ ಎರಡನೇ ಅಲೆಯ ಹೊತ್ತಿಗೆ ನಮ್ಮ ಗ್ರಾಸಿಂಗ್ ಟೇಬಲ್ (ಬಂದ ತುಂಡನ್ನು ಕಣ್ಣಿಂದ ನೋಡಿ, ಕೊಯ್ದು ಆರಿಸುವ ಮೇಜು) ಮೇಲೆ ಮೂಗು, ಸೈನಸ್, ಅಂಗುಳ, ಮೇಲ್ದವಡೆ ಇವೇ ತುಂಬಿದ್ದವು. ಕೆಲವು ಸಲ ಇಡೀ ಕಣ್ಣೇ ಬರುತ್ತಿತ್ತು. ಆ ವರ್ಷದ ಮೇ ತಿಂಗಳಲ್ಲಿ ಮ್ಯೂಕರ್‌ಮೈಕೋಸಿಸನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗ ಅಂತ ಘೋಷಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿತು. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಯನ್ನು ಇದಕ್ಕೆಂದೇ ಗುರುತಿಸಿದರು. ಜೂನ್ ಮುಗಿಯುವಷ್ಟರಲ್ಲಿ ದೇಶದಲ್ಲಿ 40 ಸಾವಿರಕ್ಕೂ ಜಾಸ್ತಿ ಕೇಸು. ಈಗ ಆ ಗಲಾಟೆ ಇಲ್ಲ, ಆದರೆ ರೋಗ ಎಲ್ಲೂ ಹೋಗಿಲ್ಲ. ಸಕ್ಕರೆ ಕಾಯಿಲೆ ಇರುವ ಊರಲ್ಲೆಲ್ಲ ಮ್ಯೂಕರ್ ಇದ್ದೇ ಇರುತ್ತದೆ. ಕೋವಿಡ್‌ಗೆ ಮುಂಚೆಯೂ ಬೇರೆ ದೇಶಗಳಿಗಿಂತ ನಮ್ಮಲ್ಲಿ ಇದು ಜಾಸ್ತಿಯೇ ಇತ್ತು. ಹೊಸದಾಗಿ ಸೇರುವ ಪಿ.ಜಿ.ಗಳು ಆ ಸ್ಲೈಡುಗಳನ್ನು ಹಳೇ ಬಾಕ್ಸಿನಲ್ಲಷ್ಟೇ ನೋಡಿರುತ್ತಾರೆ. ಅವರಿಗೆ, ಲ್ಯಾಬಿನ ಟೆಕ್ನಿಷಿಯನ್ನರಿಗೆ, ತುಂಡು ತೆಗೆದು ಕಳಿಸುವ ಇ.ಎನ್.ಟಿ. ಜೂನಿಯರುಗಳಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ವೈರಸ್ ಹೋದ ಮೇಲೆ ಫಂಗಸ್ ಯಾಕೆ ಬರುತ್ತದೆ ಅನ್ನುವುದು ಗೊತ್ತಿದ್ದರೆ ಸ್ಲೈಡ್ ಓದುವುದು ಸುಲಭ. ಈ ಫಂಗಸ್‌ನ ಬೀಜಕಣ ಗಾಳಿಯಲ್ಲಿ, ಮಣ್ಣಿನಲ್ಲಿ, ಬೂಷ್ಟು ಹಿಡಿದ ಬ್ರೆಡ್ಡಿನಲ್ಲಿ ಎಲ್ಲಾ ಕಡೆ ಇರುತ್ತದೆ. ನಾವು ದಿನಾ ಉಸಿರಾಡುತ್ತೇವೆ. ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಅನ್ನುವ ಕಾವಲು ಕಣಗಳು ಅದನ್ನು ಅಲ್ಲೇ ಮುಗಿಸುತ್ತವೆ. ಕೋವಿಡ್‌ನಲ್ಲಿ ಸ್ಟೆರಾಯ್ಡ್ ಕೊಟ್ಟಾಗ ಈ ಕಾವಲು ಸಡಿಲವಾಯಿತು, ಜೊತೆಗೆ ಸಕ್ಕರೆ ಏರಿತು. ಕೀಟೋಆಸಿಡೋಸಿಸ್ (ಸಕ್ಕರೆ ಹತೋಟಿ ತಪ್ಪಿ ರಕ್ತದಲ್ಲಿ ಆಮ್ಲ ಏರುವುದು) ಆದರಂತೂ ರಕ್ತದಲ್ಲಿ ಪ್ರೋಟೀನಿಗೆ ಕಟ್ಟಿಕೊಂಡಿರುವ ಕಬ್ಬಿಣ ಬಿಡುಗಡೆಯಾಗುತ್ತದೆ. ಮ್ಯೂಕರ್ ಗುಂಪಿನ ಫಂಗಸ್‌ಗೆ ಕಬ್ಬಿಣ ಅಂದರೆ ಹಬ್ಬದೂಟ. ಅದು ರಕ್ತನಾಳದ ಒಳಪದರಕ್ಕೆ ಅಂಟಿಕೊಂಡು ಒಳಗೆ ನುಗ್ಗುತ್ತದೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರಿಂದ ರಕ್ತ ಸಿಗುತ್ತಿದ್ದ ಭಾಗ ಸಾಯುತ್ತದೆ. ಅಂಗುಳದ ಮೇಲೆ, ಮೂಗಿನೊಳಗೆ ಕಾಣುವ ಕಪ್ಪು ಬಣ್ಣ ಹೀಗೆ ಸತ್ತ ಅಂಗಾಂಶದ್ದು. ಫಂಗಸ್‌ಗೆ ಸ್ವಂತ ಕಪ್ಪು ಬಣ್ಣ ಇಲ್ಲ, ಸ್ಲೈಡಿನಲ್ಲಿ ಅದು ಬಹುಪಾಲು ಬಣ್ಣವೇ ಇಲ್ಲದ ಹಾಗೆ ಕಾಣುತ್ತದೆ.

ಇಷ್ಟು ಹೇಳಿದ್ದು ಒಂದು ಕಾರಣಕ್ಕೆ. ಈ ರೋಗದ ಬಯಾಪ್ಸಿಯಲ್ಲಿ ನಾವು ಫಂಗಸ್ ಇದೆಯೋ ಇಲ್ಲವೋ ಅಂತ ಹೇಳಿ ಸುಮ್ಮನಾಗುವ ಹಾಗಿಲ್ಲ. ಅದು ಜೀವಂತ ಅಂಗಾಂಶದ ಒಳಗೆ, ರಕ್ತನಾಳದ ಒಳಗೆ ಹೋಗಿದೆಯೇ ಅಂತ ಹೇಳಬೇಕು. ಅದನ್ನು ಕಲ್ಚರ್ (ಫಂಗಸ್ ಬೆಳೆಸಿ ನೋಡುವ ಪರೀಕ್ಷೆ) ಹೇಳುವುದಿಲ್ಲ, ಸ್ಕ್ಯಾನ್ ಪೂರ್ತಿ ಹೇಳುವುದಿಲ್ಲ. ಸ್ಲೈಡ್ ಒಂದೇ ಹೇಳುವುದು.

ತುಂಡು ತೆಗೆಯುವವರಿಗೆ

ಕಪ್ಪು ಸಿಪ್ಪೆಯನ್ನು ಮಾತ್ರ ಕೆರೆದು ಕಳಿಸಬೇಡಿ. ಅದರಲ್ಲಿ ಫಂಗಸ್ ಧಾರಾಳವಾಗಿ ಸಿಗುತ್ತದೆ, ನಿಜ. ಆದರೆ ಎಲ್ಲವೂ ಸತ್ತಿರುವುದರಿಂದ ಒಳನುಗ್ಗಿದೆಯೋ ಇಲ್ಲವೋ ಅಂತ ಹೇಳಲು ಬರುವುದಿಲ್ಲ. ಸತ್ತ ಭಾಗ ಮತ್ತು ರಕ್ತ ಬರುವ ಭಾಗ ಸೇರುವ ಅಂಚು ಇದೆಯಲ್ಲ, ಅಲ್ಲಿಂದ ಒಂದು ತುಂಡು ಬೇಕೇ ಬೇಕು. ಮೂಗಿನಲ್ಲಾದರೆ ಮಿಡಲ್ ಟರ್ಬಿನೇಟ್ (ಮೂಗಿನ ಒಳಗೋಡೆಯಿಂದ ಚಾಚಿದ ನಡುವಿನ ಮೂಳೆ ಮಡಿಕೆ) ಒಳ್ಳೆಯ ಜಾಗ. ಮುಟ್ಟಿದರೆ ನೋವಾಗದ, ಚುಚ್ಚಿದರೆ ರಕ್ತ ಬಾರದ ಟರ್ಬಿನೇಟ್ ಕಂಡರೆ ಅನುಮಾನ ಜಾಸ್ತಿ ಮಾಡಿ.

ಫಾರ್ಮಲಿನ್ ಅಂದರೆ ಶೇ 10ರ ಬಫರ್ಡ್ ಫಾರ್ಮಲಿನ್, ತುಂಡಿನ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು. ಇಂಜೆಕ್ಷನ್ ಬಾಟಲಿಯ ಸಣ್ಣ ಬಾಯಿಗೆ ಇಡೀ ಟರ್ಬಿನೇಟ್ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಚಿಮುಕಿಸಿ ಕಳಿಸುವವರು ಈಗಲೂ ಇದ್ದಾರೆ. ಆ ತುಂಡನ್ನು ಹೊರಗೆ ತೆಗೆಯಲು ನಾವು ಬಾಟಲಿಯನ್ನೇ ಒಡೆಯಬೇಕು! ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಸಿಕ್ಕೇ ಸಿಗುತ್ತದೆ, ಓ.ಟಿ. ಸಿಸ್ಟರ್‌ಗೆ ಬೆಳಿಗ್ಗೆಯೇ ಹೇಳಿಡಿ.

ಸಲೈನ್ ಡಬ್ಬಿಯನ್ನು ತಡಮಾಡದೆ ಕಳಿಸಿ. ಫ್ರಿಜ್ಜಿಗೆ ಹಾಕಿ ಮರೆಯಬೇಡಿ, ಈ ಗುಂಪಿನ ಫಂಗಸ್ ತಣ್ಣಗಿಟ್ಟರೆ ಸರಿಯಾಗಿ ಬೆಳೆಯದೇ ಹೋಗಬಹುದು. ಮೈಕ್ರೋಬಯಾಲಜಿಯವರಿಗೂ ಒಂದು ಮಾತು, ಅವರಿಗೆ ಗೊತ್ತಿರುತ್ತದೆ, ಹೊಸ ಟೆಕ್ನಿಷಿಯನ್ ಇದ್ದರೆ ಹೇಳಿ: ತುಂಡನ್ನು ಅರೆಯಬಾರದು. ಮ್ಯೂಕರ್ ಎಳೆಗಳಲ್ಲಿ (ಹೈಫಾ, ದಾರದ ಹಾಗೆ ಬೆಳೆಯುವ ಫಂಗಸ್‌ನ ಮೈ) ಅಡ್ಡಗೋಡೆ ಹೆಚ್ಚುಕಮ್ಮಿ ಇಲ್ಲ. ಒಂದು ಕಡೆ ಹರಿದರೆ ಒಳಗಿನದೆಲ್ಲ ಸೋರಿ ಎಳೆ ಸಾಯುತ್ತದೆ. ಬ್ಲೇಡಿನಿಂದ ಸಣ್ಣಗೆ ಕತ್ತರಿಸಿ ಸಬೂರೋ ಅಗಾರಿನ (ಫಂಗಸ್ ಬೆಳೆಸುವ ಪೋಷಕ ಜೆಲ್ಲಿ) ಮೇಲೆ ಇಟ್ಟರೆ ಒಂದೆರಡು ದಿನದಲ್ಲೇ ಹತ್ತಿಯ ಹಾಗೆ ಬೆಳೆದು ಮುಚ್ಚಳಕ್ಕೆ ತಾಗುತ್ತದೆ. ಸೈಕ್ಲೋಹೆಕ್ಸಿಮೈಡ್ ಇರುವ ಅಗಾರ್ ಬೇಡ, ಅದರಲ್ಲಿ ಇದು ಬೆಳೆಯುವುದಿಲ್ಲ. ಸ್ಲೈಡಿನಲ್ಲಿ ಎಳೆ ಧಾರಾಳವಾಗಿ ಕಂಡರೂ ಕಲ್ಚರ್ ನೆಗೆಟಿವ್ ಬರುವುದು ಮ್ಯೂಕರ್‌ನಲ್ಲಿ ತುಂಬಾ ಮಾಮೂಲು. ಅರೆದಿದ್ದು, ತಡವಾಗಿದ್ದು, ಆಗಲೇ ಫಂಗಸ್ ಕೊಲ್ಲುವ ಔಷಧಿ ಆಂಫೊಟೆರಿಸಿನ್ ಶುರುವಾಗಿದ್ದು, ಹೀಗೆ ನಾನಾ ಕಾರಣ. ಕಲ್ಚರ್ ನೆಗೆಟಿವ್ ಅಂತ ನಿಮ್ಮ ರಿಪೋರ್ಟ್ ಬದಲಿಸಬೇಡಿ.

ಫಾರ್ಮ್ ತುಂಬುವುದು. "ಮೂಗಿನ ಬಯಾಪ್ಸಿ, ದಯವಿಟ್ಟು ನೋಡಿ" ಅಂತ ಒಂದು ಸಾಲು ಬರೆದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಕೋವಿಡ್ ಯಾವಾಗ ಆಗಿತ್ತು, ಸ್ಟೆರಾಯ್ಡ್ ಎಷ್ಟು ದಿನ, ಸಕ್ಕರೆ ಎಷ್ಟು, ಕಣ್ಣು ಊದಿದೆಯೇ, ಆಂಫೊಟೆರಿಸಿನ್ ಶುರುವಾಗಿದೆಯೇ. ಇಷ್ಟು ಸಾಕು. ಜೊತೆಗೆ ತುಂಡು ಯಾವ ಕಡೆಯದು ಅಂತ, ಎಡ ಬಲ ಸರಿಯಾಗಿ. ಮತ್ತೆ ನಿಮ್ಮ ಮೊಬೈಲ್ ನಂಬರ್. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಾಯಲು ಆಗದಿದ್ದಾಗ

ತುಂಡನ್ನು ಮೇಣದಲ್ಲಿ ಕೂರಿಸಿ (ಪ್ಯಾರಾಫಿನ್ ಬ್ಲಾಕ್), ಕೊಯ್ದು ಸ್ಲೈಡ್ ಬರಲು ಮಾರನೇ ದಿನ ಆಗುತ್ತದೆ. ಈ ರೋಗ ಅಷ್ಟು ಹೊತ್ತು ಕಾಯುವುದಿಲ್ಲ. ಅವತ್ತೇ ಉತ್ತರ ಬೇಕಾದರೆ ಕೆ.ಓ.ಎಚ್. ಮೌಂಟ್ ಮಾಡಿಸಿ. ತಾಜಾ ತುಂಡಿನ ಸಣ್ಣ ಚೂರನ್ನು ಶೇ 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಇಟ್ಟು, ಅದು ಮೆತ್ತಗಾದ ಮೇಲೆ ಕವರ್‌ಸ್ಲಿಪ್ ಒತ್ತಿ ನೋಡುವುದು. ಕ್ಯಾಲ್ಕೊಫ್ಲೋರ್ ವೈಟ್ ಸೇರಿಸಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಳೆಗಳು ಕತ್ತಲಲ್ಲಿ ಹೊಳೆಯುತ್ತವೆ, ಕಣ್ತಪ್ಪುವ ಸಂಭವ ಕಡಿಮೆ. ನಮ್ಮ ಕಡೆಯೂ ಒಂದು ದಾರಿ ಇದೆ. ತುಂಡನ್ನು ಎರಡು ಸ್ಲೈಡ್ ನಡುವೆ ಅದುಮಿ ಸ್ಕ್ವಾಶ್ ಮಾಡಿ, ಬೇಗ ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೊಸಿನ್, ನಮ್ಮ ಮಾಮೂಲು ನೀಲಿ-ಗುಲಾಬಿ ಬಣ್ಣ) ಹಾಕಿ ನೋಡುವುದು. ಫ್ರೋಜನ್ ಸೆಕ್ಷನ್ (ತುಂಡನ್ನು ಹಿಮಗಟ್ಟಿಸಿ ಕೂಡಲೇ ಕೊಯ್ದು ನೋಡುವುದು) ಕೂಡ ಮಾಡಬಹುದು, ರೋಗಿ ಇನ್ನೂ ಆಪರೇಷನ್ ಟೇಬಲ್ ಮೇಲೇ ಇದ್ದಾಗ ಎಲ್ಲಿವರೆಗೆ ತೆಗೆಯಬೇಕು ಅನ್ನುವುದಕ್ಕೆ ಉಪಯೋಗ. ಆದರೆ ರೋಗಿಗೆ ಇನ್ನೂ ಕೋವಿಡ್ ಪಾಸಿಟಿವ್ ಇದ್ದರೆ ತಾಜಾ ತುಂಡನ್ನು ಕ್ರಯೋಸ್ಟಾಟಿನಲ್ಲಿ (ಹಿಮಗಟ್ಟಿದ ತುಂಡು ಕೊಯ್ಯುವ ಯಂತ್ರ) ಕೊಯ್ಯುವುದು ನನಗೆ ಇಷ್ಟವಿಲ್ಲ. ಸಣ್ಣ ಹನಿ, ಪುಡಿ ಗಾಳಿಗೆ ಏಳುತ್ತದೆ, ಆಮೇಲೆ ಇಡೀ ಯಂತ್ರ ಶುಚಿ ಮಾಡಬೇಕು. ಅಂಥ ಕಡೆ ಕೆ.ಓ.ಎಚ್. ಸಾಕು. ಫಾರ್ಮಲಿನ್‌ನಲ್ಲಿ ಚೆನ್ನಾಗಿ ನೆನೆದ ತುಂಡಿನ ಬಗ್ಗೆ ಆ ಭಯ ಬೇಡ.

ಗ್ರಾಸಿಂಗ್

ಡಬ್ಬಿಯಲ್ಲಿ ಬಂದಿದ್ದನ್ನೆಲ್ಲ ಪೇಪರಿನ ಮೇಲೆ ಸುರಿದು ಮೊದಲು ಸುಮ್ನೆ ನೋಡಿ. ಕಪ್ಪಗೆ ಒಣಗಿದ ಚೂರು, ಬೂದು ಬಣ್ಣದ ಮೆತ್ತಗಿನ ಚೂರು, ಇನ್ನೂ ಕೆಂಪಗಿರುವ ಚೂರು, ತೆಳ್ಳಗಿನ ಮೂಳೆ ಸಿಪ್ಪೆ. ಪ್ರತಿಯೊಂದರಿಂದಲೂ ಪ್ರತ್ಯೇಕ ಕ್ಯಾಸೆಟ್ (ತುಂಡು ಇಡುವ ಸಣ್ಣ ಪ್ಲಾಸ್ಟಿಕ್ ಜಾಲರಿ ಡಬ್ಬಿ) ಮಾಡಿ. ಎಲ್ಲಾ ಒಂದೇ ಕ್ಯಾಸೆಟ್ಟಿಗೆ ತುಂಬಿದರೆ ಜೀವಂತ ಅಂಚು ಯಾವುದು ಅಂತ ಗೊತ್ತಾಗದೆ ಹೋಗುತ್ತದೆ.

ಮೂಳೆಯನ್ನು ಬೇರೆ ಮಾಡಿ. ಮೆತ್ತಗಿನ ಭಾಗ ಅವತ್ತೇ ಪ್ರೊಸೆಸಿಂಗ್‌ಗೆ ಹೋಗಲಿ, ಅದರಿಂದಲೇ ಬಹುಪಾಲು ಉತ್ತರ ಸಿಗುತ್ತದೆ. ಮೂಳೆಗೆ ಡೀಕ್ಯಾಲ್ಸಿಫಿಕೇಷನ್ ಬೇಕು, ಅಂದರೆ ಸುಣ್ಣ ತೆಗೆದು ಕೊಯ್ಯುವಷ್ಟು ಮೆತ್ತಗೆ ಮಾಡಬೇಕು. ಫಾರ್ಮಿಕ್ ಆಸಿಡ್ ಸಾಕು, ಸಮಯ ಇದ್ದರೆ ಇ.ಡಿ.ಟಿ.ಎ. ಇನ್ನೂ ಒಳ್ಳೆಯದು. ಬೇಗ ಆಗಲಿ ಅಂತ ನೈಟ್ರಿಕ್ ಆಸಿಡ್‌ನಲ್ಲಿ ಹಾಕಿ ಊಟಕ್ಕೆ ಹೋದರೆ ಸ್ಟೇನ್ ಕೆಡುತ್ತದೆ, ಆಮೇಲೆ ಡಿ.ಎನ್.ಎ. ಪರೀಕ್ಷೆಗೂ ಆ ಬ್ಲಾಕ್ ಕೆಲಸಕ್ಕೆ ಬರುವುದಿಲ್ಲ.

ಮೇಲ್ದವಡೆ ತೆಗೆದ ಕೇಸಿನಲ್ಲಿ ಅಂಚುಗಳಿಗೆ ಇಂಕ್ ಹಚ್ಚಿ: ಮುಂದೆ, ಹಿಂದೆ, ಅಂಗುಳ, ಕೆನ್ನೆ ಕಡೆ. ಕಣ್ಣು ಪೂರ್ತಿ ತೆಗೆದಿದ್ದರೆ ಮೊಟ್ಟಮೊದಲು ಆಪ್ಟಿಕ್ ನರದ ತುದಿ. ಅದನ್ನು ಅಡ್ಡಡ್ಡ ಕೊಯ್ದು ಬೇರೆ ಕ್ಯಾಸೆಟ್ಟಿಗೆ ಹಾಕಿದ ಮೇಲೆಯೇ ಮಿಕ್ಕದ್ದು ಮುಟ್ಟಿ. ಮಿದುಳಿನ ಕಡೆಗೆ ಹೋಗುವ ಒಂದು ದಾರಿ ಅದು. ಆ ತುದಿಯಲ್ಲಿ ಎಳೆ ಇದೆಯೇ ಇಲ್ಲವೇ ಅನ್ನುವುದನ್ನು ಸರ್ಜನ್ ಎಲ್ಲಕ್ಕಿಂತ ಮೊದಲು ಕೇಳುತ್ತಾರೆ. ಆಮೇಲೆ ಕಣ್ಣಿನ ಹಿಂದಿನ ಕೊಬ್ಬು, ಕಣ್ಣು ತಿರುಗಿಸುವ ಸ್ನಾಯು, ರಕ್ತನಾಳಗಳು.

ಎಚ್ ಅಂಡ್ ಇ: ಅವಸರ ಮಾಡಬೇಡಿ

ಬಹಳ ಜನ ಸ್ಲೈಡ್ ಹಾಕಿದ ಕೂಡಲೇ 40ರ ಲೆನ್ಸಿಗೆ ಹೋಗುತ್ತಾರೆ. ನಾನು ಪಿ.ಜಿ.ಗಳ ಕೈ ಹಿಡಿದು ನಿಲ್ಲಿಸುವುದು ಇಲ್ಲೇ. ಮೊದಲು 4ರ ಲೆನ್ಸಿನಲ್ಲಿ ಇಡೀ ಸ್ಲೈಡ್ ಸುತ್ತಿ ಬನ್ನಿ. ಎಲ್ಲಿ ನ್ಯೂಕ್ಲಿಯಸ್ ಕಾಣದೆ ಬರೀ ಮಸುಕು ಗುಲಾಬಿ ಇದೆಯೋ ಅದು ಸತ್ತ ಭಾಗ. ಎಲ್ಲಿ ನೀಲಿ ಚುಕ್ಕೆಗಳ ದಟ್ಟ ಪಟ್ಟಿ ಶುರುವಾಗುತ್ತದೋ ಅದು ಅಂಚು, ಅಲ್ಲಿ ನ್ಯೂಟ್ರೋಫಿಲ್‌ಗಳು ಸೇರಿರುತ್ತವೆ. ಈ ಎರಡರ ಮಧ್ಯೆ ಹುಡುಕಿ. ಸಕ್ಕರೆ ತುಂಬಾ ಜಾಸ್ತಿ ಇದ್ದು, ಸ್ಟೆರಾಯ್ಡ್ ತಿಂದವರಲ್ಲಿ ನ್ಯೂಟ್ರೋಫಿಲ್ ಕಡಿಮೆಯೇ ಇರಬಹುದು. ಉರಿಯೂತ ಕಾಣದಿದ್ದರೆ ಫಂಗಸ್ ಇಲ್ಲ ಅಂತ ತಿಳಿಯಬೇಡಿ.

ಈಗ 10, ಆಮೇಲೆ 40. ಮ್ಯೂಕರ್ ಎಳೆ ಅಗಲ, ಗೋಡೆ ತೆಳು, ಒಳಗೆ ಖಾಲಿ ಖಾಲಿ. ಅಗಲ ಒಂದೇ ಸಮನೆ ಇರುವುದಿಲ್ಲ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸೊರಗಿ, ನಡುವೆ ಮಡಚಿ ತಿರುಚಿ, ಮದುವೆ ಮುಗಿದ ಮೇಲೆ ಚಪ್ಪರದಿಂದ ಕಿತ್ತು ಬಿಸಾಕಿದ ರಿಬ್ಬನ್ ಹಾಗೆ. ಕವಲು ಎಲ್ಲೆಂದರಲ್ಲಿ, ಕೆಲವು ಕಡೆ ನೇರ 90 ಡಿಗ್ರಿಗೆ. ಅಡ್ಡಗೋಡೆ ಅಪರೂಪ. ಮಡಿಕೆ ಬಿದ್ದ ಜಾಗ ಅಡ್ಡಗೋಡೆಯ ಹಾಗೆ ಕಾಣುತ್ತದೆ, ಅದಕ್ಕೇ ಫೈನ್ ಫೋಕಸ್ ಹಿಂದೆಮುಂದೆ ತಿರುಗಿಸಿ ನೋಡಿ. ಮಡಿಕೆಯಾದರೆ ಗೆರೆ ಜಾಗ ಬದಲಿಸುತ್ತದೆ, ನಿಜವಾದ ಗೋಡೆಯಾದರೆ ಅಲ್ಲೇ ನಿಲ್ಲುತ್ತದೆ.

ಅಗಲ ಅಳೆಯಲು ಮೈಕ್ರೋಮೀಟರ್ ಇಲ್ಲವೇ? ಪಕ್ಕದಲ್ಲೇ ಕೆಂಪು ರಕ್ತಕಣ ಇರುತ್ತದೆ. ಅದು ಸುಮಾರು 7 ಮೈಕ್ರಾನ್. ಮ್ಯೂಕರ್ ಎಳೆ 6ರಿಂದ 25 ಮೈಕ್ರಾನ್‌ವರೆಗೆ, ಅಂದರೆ ರಕ್ತಕಣದಷ್ಟು ಅಥವಾ ಅದರ ಎರಡು ಮೂರು ಪಟ್ಟು. ಆಸ್ಪರ್ಜಿಲಸ್ ಅನ್ನುವ ಇನ್ನೊಂದು ಫಂಗಸ್‌ನ ಎಳೆ ಸಾಮಾನ್ಯವಾಗಿ 3ರಿಂದ 6 ಮೈಕ್ರಾನ್, ರಕ್ತಕಣಕ್ಕಿಂತ ಸಣ್ಣದು. ಅದರ ಎರಡೂ ಗೋಡೆ ಸಮಾನಾಂತರವಾಗಿ ಓಡುತ್ತವೆ, ಅಡ್ಡಗೋಡೆ ಸಾಲಾಗಿ ಸಿಗುತ್ತದೆ, ಕವಲು 45 ಡಿಗ್ರಿಯ ಆಸುಪಾಸು, ಎಲ್ಲವೂ ಒಂದೇ ದಿಕ್ಕಿಗೆ. ಕ್ಯಾಂಡಿಡಾ ಇದ್ದರೆ 3ರಿಂದ 5 ಮೈಕ್ರಾನಿನ ದುಂಡನೆಯ ಯೀಸ್ಟ್ ಕಣ, ಜೊತೆಗೆ ಗಂಟು ಗಂಟಾದ ಸುಳ್ಳು ಎಳೆ. ಕೋವಿಡ್ ನಂತರ ಈ ಮೂರೂ ಬಂದವು. ಮ್ಯೂಕರ್ ಮತ್ತು ಆಸ್ಪರ್ಜಿಲಸ್ ಒಂದೇ ತುಂಡಿನಲ್ಲಿ ಸೇರಿದ ಕೇಸುಗಳೂ ಇದ್ದವು. ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಬೇಡಿ. ಔಷಧಿಯೇ ಬೇರೆ: ಆಸ್ಪರ್ಜಿಲಸ್‌ಗೆ ವೋರಿಕೊನಜೋಲ್ ಕೊಡುತ್ತಾರೆ, ಮ್ಯೂಕರ್‌ಗೆ ಅದು ನಾಟುವುದೇ ಇಲ್ಲ.

ಎಳೆಯನ್ನು ಅಡ್ಡ ಕೊಯ್ದಾಗ ಅದು ಒಂದು ಖಾಲಿ ಉಂಗುರ. ಹೊಸಬರು ಇದನ್ನು ಸಣ್ಣ ರಕ್ತನಾಳ ಅಥವಾ ಕೊಬ್ಬಿನ ಕಣ ಅಂತ ಬಿಟ್ಟುಬಿಡುತ್ತಾರೆ. ಉಂಗುರದ ಒಳಗೆ ರಕ್ತಕಣ ಇಲ್ಲ, ಒಳಪದರದ ನ್ಯೂಕ್ಲಿಯಸ್ ಇಲ್ಲ, ಸ್ವಲ್ಪ ದೂರದಲ್ಲಿ ಅದೇ ಗೋಡೆಯ ಉದ್ದ ಕೊಯ್ತ ಕಾಣುತ್ತದೆ. ಅಲ್ಲಿಗೆ ಗೊತ್ತಾಯಿತು ಅಲ್ವಾ? ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಮೂಗಿನಲ್ಲಿ ರಕ್ತ ನಿಲ್ಲಿಸಲು ಪ್ಯಾಕ್ ಇಟ್ಟಿರುತ್ತಾರೆ. ಅದರ ಹತ್ತಿಯ ಎಳೆ ತುಂಡಿಗೆ ಅಂಟಿಕೊಂಡು ಬಂದರೆ ಥೇಟ್ ಅಗಲ ಎಳೆಯೇ, ಮಡಚಿ ತಿರುಚಿ ಎಲ್ಲಾ. ಮೈಕ್ರೋಸ್ಕೋಪಿಗೆ ಪೋಲರೈಜರ್ (ಬೆಳಕು ಸೋಸುವ ಫಿಲ್ಟರ್) ಹಾಕಿ ನೋಡಿ, ಹತ್ತಿ ಬೆಳ್ಳಗೆ ಹೊಳೆಯುತ್ತದೆ, ಫಂಗಸ್ ಹೊಳೆಯುವುದಿಲ್ಲ. ಪೋಲರೈಜರ್ ಹಾಕಿದಾಗಲೇ ಇನ್ನೊಂದು ಸಿಗಬಹುದು: ಆಸ್ಪರ್ಜಿಲಸ್ ನೈಜರ್ ಇದ್ದ ಕಡೆ ಆಕ್ಸಲೇಟ್ ಹರಳುಗಳು ಮಿನುಗುತ್ತವೆ. ಗಾಳಿಯಾಡುವ ಸೈನಸ್‌ನಲ್ಲಿ ಆಸ್ಪರ್ಜಿಲಸ್‌ನ ಹೂತಲೆ (ಬೀಜಕಣ ಹುಟ್ಟುವ ತುದಿ) ಕೂಡ ಒಮ್ಮೊಮ್ಮೆ ಕಾಣಸಿಗುತ್ತದೆ. ಅದು ಸಿಕ್ಕರೆ ವಾದವೇ ಇಲ್ಲ.

ಇನ್ನು ಒಳನುಗ್ಗಿದೆಯೇ ಅನ್ನುವ ಪ್ರಶ್ನೆ. ಇಲ್ಲಿ ಸಮಯ ಕೊಡಿ. ಪ್ರತಿ ರಕ್ತನಾಳದ ಮೇಲೆ ನಿಲ್ಲಿ. ಎಳೆ ನಾಳದ ಗೋಡೆಯನ್ನು ತೂರಿ ಒಳಗೆ ಬಂದಿದೆಯೇ, ಒಳಗಿನ ಹೆಪ್ಪಿನಲ್ಲಿ ಇದೆಯೇ. ಸತ್ತ ಭಾಗದಲ್ಲಿ ನಾಳದ ನೆರಳು ಮಾತ್ರ ಉಳಿದಿರುತ್ತದೆ. ಅಲ್ಲಿ ಎಲಾಸ್ಟಿಕ್ ಸ್ಟೇನ್ ಹಾಕಿಸಿದರೆ ಗೋಡೆಯ ಸುತ್ತು ಕಪ್ಪಗೆ ಎದ್ದು ಕಾಣುತ್ತದೆ, ಆಗ ಎಳೆ ಒಳಗಿದೆಯೋ ಹೊರಗಿದೆಯೋ ಹೇಳಬಹುದು. ನರಗಳ ಸುತ್ತಲೂ ನೋಡಿ. ನರವನ್ನು ಹಿಡಿದುಕೊಂಡು ಈ ಫಂಗಸ್ ದೂರ ಹೋಗುತ್ತದೆ. ಮೇಲಿನ ಲೋಳೆಪದರ ಚೆನ್ನಾಗಿ ಕಂಡರೂ ಆಳದ ನರದಲ್ಲಿ ಎಳೆ ಇರಬಹುದು. ಮೂಳೆ ಬಂದ ಮೇಲೆ ಅದರ ಸಂದುಗಳಲ್ಲೂ ನೋಡಿ.

ಒಳನುಗ್ಗದ ಫಂಗಸ್ ಕೂಡ ಇದೆ. ಸೈನಸ್ ಒಳಗೆ ಉಂಡೆಯಾಗಿ ಕೂತ ಫಂಗಲ್ ಬಾಲ್, ಅಂಗಾಂಶದ ಹೊರಗೇ ಇರುತ್ತದೆ. ಅಲರ್ಜಿಯ ಸೈನುಸೈಟಿಸ್‌ನಲ್ಲಿ ಅಂಟು ಲೋಳೆ, ಅದರಲ್ಲಿ ಇಯೊಸಿನೋಫಿಲ್ (ಅಲರ್ಜಿಯಲ್ಲಿ ಏರುವ ಬಿಳಿ ರಕ್ತಕಣ) ರಾಶಿ, ಚೂಪಾದ ಚಾರ್ಕೋ-ಲೈಡನ್ ಹರಳು, ನಡುವೆ ಅಲ್ಲೊಂದು ಇಲ್ಲೊಂದು ಎಳೆ. ಇವೆರಡಕ್ಕೂ ದವಡೆ ತೆಗೆಯುವುದಿಲ್ಲ, ಕಣ್ಣು ತೆಗೆಯುವುದಿಲ್ಲ. ಎಳೆ ಕಂಡಿತು ಅಂತ ಗಾಬರಿಯಲ್ಲಿ ಮ್ಯೂಕರ್ ಬರೆದರೆ ರೋಗಿಗೆ ಕಿಡ್ನಿ ಸುಸ್ತು ಮಾಡುವ ಔಷಧಿ ಸುಮ್ಮನೆ ಹೋಗುತ್ತದೆ.

ಬೆಳ್ಳಿ ಸ್ಟೇನ್

ಜಿ.ಎಂ.ಎಸ್. (ಗೊಮೊರಿ ಮೆಥೆನಮೈನ್ ಸಿಲ್ವರ್, ಫಂಗಸ್‌ಗೆ ಹಾಕುವ ಬೆಳ್ಳಿ ಸ್ಟೇನ್) ಅಂದರೆ ಎಲ್ಲರಿಗೂ ಭಕ್ತಿ. ಹಸಿರು ಹಿನ್ನೆಲೆಯಲ್ಲಿ ಕಪ್ಪು ಎಳೆ, ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಮ್ಯೂಕರ್‌ಗೆ ಎಚ್ ಅಂಡ್ ಇ ಇದಕ್ಕಿಂತ ಹೆಚ್ಚು ನಂಬಿಕಸ್ತ. ಮ್ಯೂಕರ್ ಗೋಡೆ ಬೆಳ್ಳಿಯನ್ನೂ ಪಿ.ಎ.ಎಸ್. ಅನ್ನುವ ಇನ್ನೊಂದು ಫಂಗಸ್ ಬಣ್ಣವನ್ನೂ ಅರೆಮನಸ್ಸಿನಿಂದ ಹಿಡಿಯುತ್ತದೆ. ಎಚ್ ಅಂಡ್ ಇ ಸ್ಲೈಡಿನಲ್ಲಿ ಸ್ಪಷ್ಟವಾಗಿ ಕಂಡ ಎಳೆ ಜಿ.ಎಂ.ಎಸ್.ನಲ್ಲಿ ಮಸುಕಾಗಿದ್ದರೆ ಅದು ಸಹಜ. ಹಾಗಿದ್ದರೂ ಸ್ಟೇನ್ ಬೇಕು. ಎಳೆ ಕಡಿಮೆ ಇರುವ ತುಂಡಿನಲ್ಲಿ, ಜೊತೆಗೆ ಸಣ್ಣ ಆಸ್ಪರ್ಜಿಲಸ್ ಇದೆಯೇ ಅಂತ ನೋಡಲು, ಅಂಚು ಕ್ಲಿಯರ್ ಅಂತ ಬರೆಯುವ ಮುಂಚೆ.

ಟೆಕ್ನಿಷಿಯನ್ ಅಣ್ಣಂದಿರಿಗೆ ಇದು. ಗಾಜಿನ ಪಾತ್ರೆ ಆಸಿಡ್‌ನಲ್ಲಿ ತೊಳೆದು ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿದ್ದಿರಬೇಕು. ಬೆಳ್ಳಿ ದ್ರಾವಣಕ್ಕೆ ಲೋಹದ ಚಿಮುಟ ಮುಟ್ಟಿಸಬೇಡಿ, ಪ್ಲಾಸ್ಟಿಕ್ಕಿನದು ಬಳಸಿ. ಲೋಹ ತಾಗಿದರೆ ಬೆಳ್ಳಿ ಅಲ್ಲೇ ಕೂತು ಸ್ಲೈಡ್ ತುಂಬಾ ಕಪ್ಪು ಚುಕ್ಕೆ. ಮೊದಲು ಶೇ 5ರ ಕ್ರೋಮಿಕ್ ಆಸಿಡ್‌ನಲ್ಲಿ ಒಂದು ಗಂಟೆ. ಇದು ಫಂಗಸ್ ಗೋಡೆಯ ಸಕ್ಕರೆ ಸರಪಳಿಯನ್ನು ಆಲ್ಡಿಹೈಡ್ ಮಾಡುತ್ತದೆ, ಆ ಆಲ್ಡಿಹೈಡ್ ಮೇಲೆಯೇ ಬೆಳ್ಳಿ ಕೂರುವುದು. ತೊಳೆದು, ಸೋಡಿಯಂ ಬೈಸಲ್ಫೈಟ್‌ನಲ್ಲಿ ಒಂದು ನಿಮಿಷ ಇಟ್ಟು ಉಳಿದ ಕ್ರೋಮಿಕ್ ತೆಗೆಯಿರಿ. ಆಮೇಲೆ ಬೋರಾಕ್ಸ್ ಸೇರಿಸಿದ ಮೆಥೆನಮೈನ್ ಸಿಲ್ವರ್, 60 ಡಿಗ್ರಿಯಲ್ಲಿ. ದ್ರಾವಣ ಅವತ್ತಿನದೇ ಆಗಿರಬೇಕು.

ಎಷ್ಟು ಹೊತ್ತು? ಗಡಿಯಾರ ನೋಡಬೇಡಿ, ಸ್ಲೈಡ್ ನೋಡಿ. ಸೆಕ್ಷನ್ ಕಂದು ಬಣ್ಣಕ್ಕೆ, ಖಾಕಿ ಕಾಗದದ ಬಣ್ಣಕ್ಕೆ ತಿರುಗಿದಾಗ ಕಂಟ್ರೋಲ್ ಸ್ಲೈಡ್ (ಫಂಗಸ್ ಇದೆ ಅಂತ ಗೊತ್ತಿರುವ, ಹೋಲಿಸಲು ಜೊತೆಗೆ ಹಾಕಿದ ಸ್ಲೈಡ್) ತೆಗೆದು ತೊಳೆದು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿ. ಎಳೆ ಗಾಢ ಕಂದು ಆಗಿರಬೇಕು, ಹಿನ್ನೆಲೆ ತಿಳಿಯಾಗಿರಬೇಕು. ಇಲ್ಲದಿದ್ದರೆ ವಾಪಸ್ಸು ಹಾಕಿ. ಮ್ಯೂಕರ್‌ಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಜಾಸ್ತಿ ಬಿಟ್ಟರೆ ಎಲಾಸ್ಟಿಕ್ ನಾರು, ಲೋಳೆ, ರಕ್ತಕಣ ಎಲ್ಲವೂ ಕಪ್ಪಾಗಿ ಕೂರುತ್ತವೆ. ಆಮೇಲೆ ಗೋಲ್ಡ್ ಕ್ಲೋರೈಡ್, ಸೋಡಿಯಂ ಥಯೋಸಲ್ಫೇಟ್, ಕೊನೆಗೆ ಲೈಟ್ ಗ್ರೀನ್. ಹಸಿರು ತೆಳುವಾಗಿರಲಿ. ಗಾಢ ಹಸಿರಿನಲ್ಲಿ ಮಸುಕು ಎಳೆ ಮುಳುಗಿಹೋಗುತ್ತದೆ.

ಕಂಟ್ರೋಲ್ ವಿಷಯದಲ್ಲಿ ನನ್ನ ಹಟ ಒಂದಿದೆ. ಬಹುಪಾಲು ಲ್ಯಾಬುಗಳಲ್ಲಿ ಆಸ್ಪರ್ಜಿಲಸ್ ಬ್ಲಾಕನ್ನೇ ಕಂಟ್ರೋಲ್ ಆಗಿ ಇಟ್ಟಿರುತ್ತಾರೆ. ಅದು ಬೇಗ ಕಪ್ಪಾಗುತ್ತದೆ, ಟೆಕ್ನಿಷಿಯನ್ ಸ್ಟೇನ್ ಆಯಿತು ಅಂತ ತೆಗೆಯುತ್ತಾರೆ, ರೋಗಿಯ ಸ್ಲೈಡಿನಲ್ಲಿ ಮ್ಯೂಕರ್ ಇನ್ನೂ ಬಿಳಿಚಿಕೊಂಡೇ ಇರುತ್ತದೆ. ಮ್ಯೂಕರ್ ಇರುವ ಬ್ಲಾಕನ್ನೇ ಕಂಟ್ರೋಲ್ ಮಾಡಿ. 2021ರ ಬ್ಲಾಕುಗಳು ಯಾವ ಕಾಲೇಜಿನ ಸ್ಟೋರಿನಲ್ಲಿ ಇಲ್ಲ ಹೇಳಿ?

ರಿಪೋರ್ಟ್

ರಿಪೋರ್ಟ್ ಇಂಗ್ಲಿಷಿನಲ್ಲೇ ಬರೆಯುತ್ತೇವೆ, ಅದು ಇರಲಿ. ಅದರಲ್ಲಿ ಏನಿರಬೇಕು ಅನ್ನುವುದು ಮುಖ್ಯ. ಎಳೆ ಅಗಲವೋ ಸಣ್ಣದೋ, ಅಡ್ಡಗೋಡೆ ಹೇಗಿದೆ, ಕವಲು ಹೇಗಿದೆ ಅಂತ ಕಂಡದ್ದನ್ನು ಬರೆಯಿರಿ. ಆಮೇಲೆ "ಮ್ಯೂಕರ್ ಗುಂಪಿಗೆ ಹೊಂದುತ್ತದೆ" ಅಂತ. ರೈಜೋಪಸ್ ಅಂತ ಬರೆಯಬೇಡಿ. ನಮ್ಮ ದೇಶದಲ್ಲಿ ಜಾಸ್ತಿ ಸಿಗುವುದು ರೈಜೋಪಸ್ಸೇ ಆದರೂ ಸ್ಲೈಡ್ ನೋಡಿ ಜಾತಿ ಹೇಳಲು ಬರುವುದಿಲ್ಲ. ಅದು ಕಲ್ಚರ್ ಅಥವಾ ಪಿ.ಸಿ.ಆರ್. ಹೇಳುವ ಮಾತು. ಎಳೆ ತೀರಾ ಚೂರಾಗಿದ್ದು ಅಗಲವೋ ಸಣ್ಣದೋ ತಿಳಿಯದಿದ್ದರೆ ಹಾಗೇ ಬರೆಯಿರಿ. ಮುಜುಗರ ಬೇಡ.

ರಕ್ತನಾಳ, ನರ, ಮೂಳೆ, ಪ್ರತಿಯೊಂದಕ್ಕೂ ಒಂದು ಸಾಲು. ಸತ್ತ ಭಾಗ ಎಷ್ಟಿದೆ. ಜೀವಂತ ಅಂಗಾಂಶ ಸಿಕ್ಕಿತೇ ಇಲ್ಲವೇ. ಸಿಗದಿದ್ದರೆ "ಬರೀ ಸತ್ತ ಅಂಗಾಂಶ, ಒಳನುಗ್ಗಿರುವುದನ್ನು ನಿರ್ಧರಿಸಲು ಆಗುತ್ತಿಲ್ಲ, ಅಂಚಿನಿಂದ ಇನ್ನೊಂದು ತುಂಡು ಕಳಿಸಿ" ಅಂತ ಸ್ಪಷ್ಟವಾಗಿ. ಫಂಗಸ್ ಕಾಣಲಿಲ್ಲ ಅಂತ ಬರೆಯುವ ಮುಂಚೆ ಬ್ಲಾಕನ್ನು ಇನ್ನೂ ಆಳಕ್ಕೆ ಕೊಯ್ಸಿ ನೋಡಿ. ಎಳೆಗಳು ತುಂಡಿನ ತುಂಬಾ ಸಮನಾಗಿ ಹರಡಿರುವುದಿಲ್ಲ.

ಬರೆಯುವ ಮುಂಚೆ ಫೋನ್ ಮಾಡಿ. ಮೊಬೈಲ್ ನಂಬರ್ ಕೇಳಿದ್ದು ಇದಕ್ಕೇ. ರಿಪೋರ್ಟ್ ಟೈಪ್ ಆಗಿ, ಸಹಿಯಾಗಿ, ಅಟೆಂಡರ್ ವಾರ್ಡಿಗೆ ಒಯ್ಯುವಷ್ಟರಲ್ಲಿ ಸಂಜೆಯಾಗುತ್ತದೆ. "ಮೇಡಂ, ರಿಪೋರ್ಟ್ ಆಯ್ತಾ?" ಅಂತ ಇ.ಎನ್.ಟಿ. ಹುಡುಗರು ನಮ್ಮ ಬಾಗಿಲಲ್ಲಿ ನಿಂತು ಕೇಳುವ ಸ್ಥಿತಿ ಬರಬಾರದು. ಅಗಲ ಎಳೆ ಕಂಡಿತು, ನಾಳದೊಳಗಿದೆ, ಎಷ್ಟು ಗಂಟೆಗೆ ಯಾರಿಗೆ ಹೇಳಿದೆವು ಅಂತ ರಿಪೋರ್ಟಿನಲ್ಲೇ ದಾಖಲಿಸಿ. ಆಸ್ಪತ್ರೆಯಲ್ಲಿ ರೋಗ ವರದಿ ಮಾಡುವವರಿಗೂ ಒಂದು ಪ್ರತಿ ಹೋಗಲಿ.

ಎರಡನೇ, ಮೂರನೇ ಸಲ ಕೊಳೆತ ಭಾಗ ತೆಗೆದು ಕಳಿಸಿದಾಗ ಲೆಕ್ಕ ಸ್ವಲ್ಪ ಬೇರೆ. ಆಂಫೊಟೆರಿಸಿನ್ ಹೋಗಿರುತ್ತದೆ. ಎಳೆಗಳು ಉಬ್ಬಿ, ತುಂಡಾಗಿ, ಬಣ್ಣ ಹಿಡಿಯದೆ ಪೇಲವವಾಗಿ ಕಾಣುತ್ತವೆ. "ಫಂಗಸ್ ಇನ್ನೂ ಜೀವಂತ ಇದೆಯಾ ಮೇಡಂ?" ಅಂತ ಕೇಳುತ್ತಾರೆ. ಅದಕ್ಕೆ ಸ್ಲೈಡಿನಲ್ಲಿ ಉತ್ತರ ಇಲ್ಲ. ಸತ್ತ ಎಳೆಯೂ ಬೆಳ್ಳಿ ಹಿಡಿಯುತ್ತದೆ. ಎಳೆಗಳ ಆಕಾರ ಕೆಟ್ಟಿದೆ ಅಂತ ಬರೆಯಬಹುದು, ಅಂಚಿನ ಜೀವಂತ ಅಂಗಾಂಶದಲ್ಲಿ ಇವೆಯೇ ಅಂತ ಬರೆಯಬಹುದು. ಸುತ್ತ ಗ್ರಾನ್ಯುಲೋಮ (ಕಾವಲು ಕಣಗಳು ಸೇರಿ ಕಟ್ಟುವ ಗಂಟು) ಕಟ್ಟಲು ಶುರುವಾಗಿದ್ದರೆ ಅದನ್ನೂ ಬರೆಯಿರಿ, ದೇಹ ತಿರುಗಿ ನಿಂತಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಔಷಧಿ ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ಅವರು ಎಂ.ಆರ್.ಐ., ಎಂಡೋಸ್ಕೋಪಿ ಜೊತೆ ಇಟ್ಟು ತೀರ್ಮಾನಿಸುತ್ತಾರೆ.

ಕಲ್ಚರ್ ಫಲಿತಾಂಶ ಬಂದ ದಿನ ನಿಮ್ಮ ರಿಪೋರ್ಟಿಗೆ ಒಂದು ಸೇರ್ಪಡೆ ಹಾಕಿ, ಎರಡೂ ಹೊಂದುತ್ತವೆಯೋ ಇಲ್ಲವೋ ಅಂತ. ಸ್ಲೈಡಿನಲ್ಲಿ ಅಗಲ ಎಳೆ, ಕಲ್ಚರಿನಲ್ಲಿ ಬರೀ ಆಸ್ಪರ್ಜಿಲಸ್ ಬಂದಿದ್ದರೆ ಮೈಕ್ರೋಬಯಾಲಜಿಯವರನ್ನು ಕರೆದು ಇಬ್ಬರೂ ಒಟ್ಟಿಗೆ ಸ್ಲೈಡ್ ಮುಂದೆ ಕೂರಿ. ಎರಡೂ ಇರಬಹುದು, ಅಥವಾ ಆಸ್ಪರ್ಜಿಲಸ್ ಗಾಳಿಯಿಂದ ಬಂದು ಪ್ಲೇಟಿನಲ್ಲಿ ಕೂತಿರಬಹುದು. ಇಬ್ಬರೂ ನೋಡಿದ ಮೇಲೂ ತೀರ್ಮಾನವಾಗದಿದ್ದರೆ ಬ್ಲಾಕಿನಿಂದ ಕೊಯ್ದ ಸೆಕ್ಷನ್‌ಗಳನ್ನು ಪಿ.ಸಿ.ಆರ್.ಗೆ ಕಳಿಸಿ. ಎಳೆ ಜಾಸ್ತಿ ಇರುವ, ಡೀಕ್ಯಾಲ್ಸಿಫಿಕೇಷನ್ ಆಗದ ಬ್ಲಾಕನ್ನು ಆರಿಸಿ, ಅದರ ನಂಬರನ್ನು ರಿಜಿಸ್ಟರಿನಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕಿ ಇಡಿ.